ನಾರಾಯಣಪ್ಪ ಒತ್ತುತ್ತಿದ್ದ ಅಕ್ಷರ

1984ರ ಜುಲೈನಲ್ಲಿ ನಾನು ಚಿಂತಾಮಣಿಯ ಒಂದು ಪದವಿ ಕಾಲೇಜಿಗೆ ಭೌತಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದೆ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ವಾರಕ್ಕೆ ಹದಿನಾರು ಗಂಟೆ ಪಾಠ, ಎರಡು ಮಧ್ಯಾಹ್ನ ಪ್ರಾಕ್ಟಿಕಲ್ಸ್. ಮರುವರ್ಷ ಬೆಂಗಳೂರಿನ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಅರೆಕಾಲಿಕವಾಗಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡೆ. ವಿಷಯ, ಲ್ಯಾಟಿಸ್ ಗೇಜ್ ಸಿದ್ಧಾಂತಗಳಲ್ಲಿ ಸ್ಥಿತ್ಯಂತರ. ಇಡೀ ತಾಲ್ಲೂಕಿನಲ್ಲಿ ಇದರ ಬಗ್ಗೆ ಎರಡು ಮಾತಾಡಬಲ್ಲವರು ನನ್ನನ್ನು ಬಿಟ್ಟರೆ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ ಅಲ್ಲಿ ನಾನೇ ದೊಡ್ಡ ಪಂಡಿತೆ.

ಪಂಡಿತೆಯ ಪಾಡನ್ನೂ ಹೇಳಿಬಿಡುತ್ತೇನೆ. ಮೊದಲೆರಡು ವರ್ಷ ಗಣಿತದ ಸುಶೀಲಾ ಎಂಬ ಸಹೋದ್ಯೋಗಿ ಇದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕೂತಾಗ ನನ್ನ ಸಮೀಕರಣಗಳನ್ನು ತಾಳ್ಮೆಯಿಂದ ಕೇಳುತ್ತಿದ್ದರು. 1986ರಲ್ಲಿ ಅವರಿಗೆ ಗೌರಿಬಿದನೂರಿಗೆ ವರ್ಗವಾಯಿತು. ಆಮೇಲೆ ಸ್ಟಾಫ್ ರೂಮಿನಲ್ಲಿ ನಾನು ಪತ್ರಿಕೆ ಓದುತ್ತಾ ಊಟ ಮಾಡುವುದನ್ನು ಕಲಿತೆ. ಮನೆಯೆಂದರೆ ಬಾಡಿಗೆಯ ಒಂದು ಕೋಣೆ, ಒಂದು ಅಡುಗೆಮನೆ. ಕೆಲವು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನನ್ನ ದನಿ ನನ್ನ ಕಿವಿಗೇ ಬಿದ್ದಿರುತ್ತಿರಲಿಲ್ಲ. ಇದನ್ನು ವಿಜ್ಞಾನಕ್ಕಾಗಿ ಮಾಡಿದ ತ್ಯಾಗ ಎಂದು ಹೇಳಿಕೊಳ್ಳುತ್ತಿಲ್ಲ. ಬೇಸರವಾಗುತ್ತಿತ್ತು, ಅಷ್ಟೇ.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ಮುಂದಿನ ಕಥೆ ತಿಳಿಯುವುದಿಲ್ಲ. ಕಣಗಳ ನಡುವಿನ ಬಲಗಳನ್ನು ವಿವರಿಸುವ ಗೇಜ್ ಸಿದ್ಧಾಂತಗಳಲ್ಲಿ ಲೆಕ್ಕ ಹಾಕಲು ಹೊರಟರೆ ಎಲ್ಲೆಂದರಲ್ಲಿ ಅನಂತ ಎದುರಾಗುತ್ತದೆ. ಅದನ್ನು ತಪ್ಪಿಸಲು ದೇಶಕಾಲವನ್ನು ಮೀನಿನ ಬಲೆಯ ಹಾಗೆ ಕಣ್ಣುಕಣ್ಣಾದ ಜಾಲಕ, ಅಂದರೆ ಲ್ಯಾಟಿಸ್, ಎಂದು ಭಾವಿಸುತ್ತೇವೆ. ಆಮೇಲೆ ಬಲೆಯ ಕಣ್ಣುಗಳನ್ನು ಚಿಕ್ಕದು ಮಾಡುತ್ತಾ ಹೋಗಬೇಕು, ಆದರೆ ಅಳೆದು ನೋಡಬಹುದಾದ ಸಂಗತಿಗಳು ಬದಲಾಗಬಾರದು. ಅದಕ್ಕೆ ತಕ್ಕಂತೆ ಬಲದ ತೀವ್ರತೆಯನ್ನು ಹೊಂದಿಸಿಕೊಳ್ಳುವ ಕೆಲಸಕ್ಕೆ ರೀನಾರ್ಮಲೈಸೇಶನ್ ಎಂದು ಹೆಸರು. ಇದು ಎಲ್ಲ ಕಡೆಯೂ ಸಾಧ್ಯವಿಲ್ಲ. ಜಾಲಕದ ಒಂದು ಬಿಂದುವಿನ ಸುದ್ದಿ ಬಹುದೂರದ ಇನ್ನೊಂದು ಬಿಂದುವಿಗೆ ಮುಟ್ಟುವಂತಿದ್ದರೆ ಮಾತ್ರ ಆಗುತ್ತದೆ. ಸ್ಥಿತಿಯೊಂದು ನಯವಾಗಿ, ನಿರಂತರವಾಗಿ ಇನ್ನೊಂದು ಸ್ಥಿತಿಗೆ ತಿರುಗುವ ಜಾಗದಲ್ಲಿ ಹಾಗಿರುತ್ತದೆ. ಸ್ಥಿತಿ ಒಮ್ಮೆಗೇ ಜಿಗಿದು ಬದಲಾದರೆ ಪ್ರತಿ ಬಿಂದುವಿಗೂ ನೆರೆಹೊರೆಯವರಷ್ಟೇ ಗೊತ್ತು, ಬಲೆ ಬಲೆಯಾಗಿಯೇ ಉಳಿಯುತ್ತದೆ. ನಾನು ಆರಿಸಿಕೊಂಡಿದ್ದ ಪುಟ್ಟ ಸಿದ್ಧಾಂತದ ಸ್ಥಿತ್ಯಂತರ ನಿರಂತರವೋ ಜಿಗಿತವೋ ಎಂಬುದೊಂದೇ ನನ್ನ ಪ್ರಶ್ನೆ. ನಿರಂತರವಾಗಲಿ ಎಂದು ನಾನು ಬಯಸುತ್ತಿದ್ದೆ. ದೂರದ ಬಿಂದುಗಳು ಒಂದರ ಮಾತು ಒಂದು ಕೇಳಿಸಿಕೊಳ್ಳಲಿ ಎಂಬ ಆಸೆಗೆ ಭೌತಶಾಸ್ತ್ರ ಮಾತ್ರ ಕಾರಣವಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಇದನ್ನು ಪತ್ತೆಹಚ್ಚಲು ಒಂದು ಒಳ್ಳೆಯ ಪರೀಕ್ಷೆಯಿದೆ. ಚಳಿಗಾಲದ ಕೊಬ್ಬರಿ ಎಣ್ಣೆಯನ್ನು ನೋಡಿ. ಬಿಸಿಲಿನಲ್ಲಿಟ್ಟು ಕರಗಿಸಿ ತಂದ ಶೀಶೆ, ಹೆಪ್ಪುಗಟ್ಟಿದ ಶೀಶೆ ಎರಡನ್ನೂ ಒಂದೇ ಗೂಡಿನಲ್ಲಿಟ್ಟರೆ ಬಹಳ ಹೊತ್ತು ಒಂದು ನೀರಾಗಿಯೇ ಇರುತ್ತದೆ, ಇನ್ನೊಂದು ಗಟ್ಟಿಯಾಗಿಯೇ ಇರುತ್ತದೆ. ಜಿಗಿತದ ಲಕ್ಷಣ ಅದು. ಕಂಪ್ಯೂಟರಿನಲ್ಲೂ ಹಾಗೆಯೇ ಎರಡು ಆರಂಭ. ಜಾಲಕದ ಬಿಂದುಗಳ ನಡುವಿನ ಎಲ್ಲ ಕೊಂಡಿಗಳನ್ನೂ ಒಂದೇ ಥರ ಜೋಡಿಸಿ ಶುರು ಮಾಡಿದರೆ ಕೋಲ್ಡ್ ಸ್ಟಾರ್ಟ್. ಚೆಲ್ಲಾಪಿಲ್ಲಿ ಮಾಡಿ ಶುರು ಮಾಡಿದರೆ ಹಾಟ್ ಸ್ಟಾರ್ಟ್. ಎರಡರ ಉತ್ತರವೂ ಬೇಗ ಒಂದಾದರೆ ಸ್ಥಿತ್ಯಂತರ ನಿರಂತರ, ನಡುವೆ ಅಂತರ ಉಳಿದರೆ ಜಿಗಿತ.

1987ರ ಜನವರಿಯಲ್ಲಿ ಕಾಲೇಜಿಗೆ ಒಂದು ಪಿಸಿ-ಎಕ್ಸ್‌ಟಿ ಕಂಪ್ಯೂಟರ್ ಬಂತು. ಅದರ ಉಸ್ತುವಾರಿ ಭೌತಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ನಾರಾಯಣಪ್ಪನವರದು. ಮುರುಗಮಲ್ಲದ ಕಡೆಯವರು, ಮನೆಮಾತು ತೆಲುಗು, ವಯಸ್ಸು ಐವತ್ತರ ಹತ್ತಿರ. ಪ್ರಯೋಗಾಲಯದ ಒಂದು ಲೆನ್ಸಿಗೂ ಗೀರು ಬೀಳದ ಹಾಗೆ ಇಪ್ಪತ್ತು ವರ್ಷ ಕಾಪಾಡಿದವರು. ಕಂಪ್ಯೂಟರಿಗೆ ಮನೆಯಿಂದಲೇ ಒಂದು ಹಳೆಯ ಪಂಚೆ ತಂದು ಹೊದಿಸಿದ್ದರು. ಏಪ್ರಿಲ್‌ನಲ್ಲಿ, ನಾನಿನ್ನೂ ಪ್ರೋಗ್ರಾಂ ತಿದ್ದುತ್ತಿದ್ದಾಗ, ಸ್ಟೆಬಿಲೈಜರ್ ಕಾದು ಹೊಗೆ ಬಂತು. ಪ್ರಿನ್ಸಿಪಾಲರು ಅವರಿಗೆ ಮೆಮೊ ಕೊಟ್ಟರು. ಇಪ್ಪತ್ತು ವರ್ಷದಲ್ಲಿ ಅದು ಅವರ ಮೊದಲ ಮೆಮೊ.

ಮುಖ್ಯ ಲೆಕ್ಕ ಶುರುವಾದದ್ದು ಜೂನ್‌ನಲ್ಲಿ. ನನ್ನ ಜಾಲಕ ನಾಲ್ಕು ದಿಕ್ಕಿಗೂ ಆರಾರು ಬಿಂದುಗಳದ್ದು. ಒಟ್ಟು 1,296 ಬಿಂದು, 5,184 ಕೊಂಡಿ. ಎಲ್ಲ ಕೊಂಡಿಗಳನ್ನೂ ಒಂದು ಸುತ್ತು ಮುಟ್ಟಿ ಬರಲು ಯಂತ್ರಕ್ಕೆ ಏಳು ಸೆಕೆಂಡು ಬೇಕು. ಆದರೆ ಲೋಡ್ ಶೆಡ್ಡಿಂಗ್. ಕರೆಂಟ್ ಬೆಳಿಗ್ಗೆ ಹತ್ತಕ್ಕೆ ಬಂದರೆ ಒಂದಕ್ಕೆ ಹೋಗುತ್ತಿತ್ತು. ಆ ಮೂರು ಗಂಟೆಯಲ್ಲಿ ಸುಮಾರು ಸಾವಿರದ ಐನೂರು ಸುತ್ತು. ಕರೆಂಟ್ ಬರುವ ಹೊತ್ತಿಗೆ ನಾನು ತರಗತಿಯಲ್ಲಿರುತ್ತಿದ್ದೆ. ಹಾಗಾಗಿ ಯಂತ್ರ ಚಾಲೂ ಮಾಡುವ ಕೆಲಸ ನಾರಾಯಣಪ್ಪನವರದಾಯಿತು. ಬೆಳಿಗ್ಗೆ ಒಂದು ಚೀಟಿ ಕೊಟ್ಟು ಹೋಗುತ್ತಿದ್ದೆ. ಅದರಲ್ಲಿ ಎರಡೇ ವಿವರ, ಬಲದ ತೀವ್ರತೆಯ ಬೆಲೆ ಸೂಚಿಸುವ ಒಂದು ಸಂಖ್ಯೆ ಮತ್ತು H ಅಥವಾ C ಎಂಬ ಅಕ್ಷರ. ಪರದೆಯ ಮೇಲೆ ಹಾಟ್ ಸ್ಟಾರ್ಟೋ ಕೋಲ್ಡ್ ಸ್ಟಾರ್ಟೋ ಎಂದು ಯಂತ್ರ ಕೇಳುತ್ತಿತ್ತು, ಅವರು ಒತ್ತುತ್ತಿದ್ದರು. ಕಾಗದ ಉಳಿಸಲು ಮೊದಲ ಮುನ್ನೂರು ಸುತ್ತುಗಳ ಅಂಕಿಗಳನ್ನು ನಾನು ಮುದ್ರಿಸುತ್ತಿರಲಿಲ್ಲ. ಸಂಜೆ ಬಂದು ಹಾಳೆ ಹರಿದುಕೊಂಡು, ನನ್ನ ನೋಟ್‌ಬುಕ್ ನೋಡಿ ಅದರ ತಲೆಯ ಮೇಲೆ ಹಾಟ್ ಅಥವಾ ಕೋಲ್ಡ್ ಎಂದು ಬರೆದು ಫೈಲು ಮಾಡುತ್ತಿದ್ದೆ.

ಎರಡು ವರ್ಷ ಮೂರು ತಿಂಗಳಲ್ಲಿ 212 ಲೆಕ್ಕಗಳಾದವು, 106 ಹಾಟ್, 106 ಕೋಲ್ಡ್. ಗ್ರಾಫಿನಲ್ಲಿ ಎರಡರ ಗೆರೆಗಳೂ ಒಂದರ ಮೇಲೊಂದು ಕೂತವು. ನಡುವೆ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ನಿರಂತರ ಸ್ಥಿತ್ಯಂತರ! ಗ್ರಾಫ್ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡು ಒಬ್ಬಳೇ ಪಾಯಸ ಮಾಡಿಕೊಂಡು ತಿಂದೆ. 1989ರ ಡಿಸೆಂಬರ್‌ನಲ್ಲಿ ಪ್ರಬಂಧ ಸಲ್ಲಿಸಿದೆ. ಮಾರ್ಚ್ ಹೊತ್ತಿಗೆ ಇಬ್ಬರು ಪರೀಕ್ಷಕರ ವರದಿಯೂ ಬಂತು. ಒಬ್ಬರಂತೂ ಹಾಟ್ ಮತ್ತು ಕೋಲ್ಡ್ ಫಲಿತಾಂಶಗಳು ಹೊಂದುವ ರೀತಿಯನ್ನು ವಿಶೇಷವಾಗಿ ಮೆಚ್ಚಿದ್ದರು. ಮೇ 14ಕ್ಕೆ ಮೌಖಿಕ ಪರೀಕ್ಷೆ, ಅಂದರೆ ವೈವಾ. ಅದು ಮುಗಿದರೆ ಬೆಂಗಳೂರಿನಲ್ಲಿ ಸಂಶೋಧನೆಯ ಒಂದು ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಅಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಾಗ ಈ ವಿಷಯ ಮಾತಾಡುವ ಹತ್ತು ಜನ ಇರುತ್ತಾರೆ ಎಂದು ನಾನು ಎಷ್ಟು ಸಲ ಎಣಿಸಿಕೊಂಡೆನೋ.

ಏಪ್ರಿಲ್ ಕೊನೆಯ ವಾರ, ಅಂತಿಮ ವರ್ಷದವರಿಗೆ ಕಂಪ್ಯೂಟರ್ ತೋರಿಸುವ ಕಾರ್ಯಕ್ರಮವಿತ್ತು. ಮೂವತ್ತೊಂದು ಜನ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಕೂತಿದ್ದರು. ನಾನು ಹಾಟ್ ಸ್ಟಾರ್ಟ್ ಬಗ್ಗೆ ಹೇಳಿ, H ಎಂದು ಬರೆದ ಚೀಟಿಯನ್ನು ಎಂದಿನಂತೆ ನಾರಾಯಣಪ್ಪನವರ ಕೈಗೆ ಕೊಟ್ಟೆ. ಅವರು ಚೀಟಿ ನೋಡಿದರು, ಕೀಲಿಮಣೆ ನೋಡಿದರು, C ಒತ್ತಿದರು.

ಚೀಟಿಯಲ್ಲಿ ಎಚ್ ಎಂದು ಇದೆಯಲ್ಲ ಎಂದು ಮೆಲ್ಲಗೆ ಕೇಳಿದೆ.

"ಎಚ್ ಒತ್ತುದ್ರೆ ಮಿಷಿನ್ ಬಿಸಿಯಾಗ್ತದೆ ಕದಾ ಮೇಡಂ," ಎಂದರು. "ಕೆಮಿಸ್ಟ್ರಿ ಲ್ಯಾಬ್‌ನಾಗೆ ಹಾಟ್ ಪ್ಲೇಟ್ ಮುಟ್ಟಿ ಕೈ ಸುಟ್ಕೊಂಡಿದೀನಿ. ಆ ಸ್ಟೆಬಿಲೈಜರ್ ಹೊಗೆ ಬಂದಾಗಿಂದ ನಾನು ಕೋಲ್ಡೇ ಒತ್ತೋದು."

"ಯಾವಾಗಲೂನಾ?"

"ಒಂದಿನಾನೂ ತಪ್ಪಿಸಿಲ್ಲ ಮೇಡಂ." ಆ ಮಾತಿನಲ್ಲಿ ಹೆಮ್ಮೆಯಿತ್ತು.

ನಾನು ಹುಡುಗರ ಕಡೆ ತಿರುಗಿ ಪಾಠ ಮುಂದುವರಿಸಿದೆ. ಏನು ಹೇಳಿದೆನೋ ನೆನಪಿಲ್ಲ. ತಲೆಯೊಳಗೆ ಒಂದೇ ಲೆಕ್ಕ ಓಡುತ್ತಿತ್ತು. ನನ್ನ 212 ಲೆಕ್ಕಗಳೂ ಕೋಲ್ಡ್. ಎರಡು ಗೆರೆಗಳು ಅಷ್ಟು ಚೆನ್ನಾಗಿ ಹೊಂದಿದ್ದಕ್ಕೆ ಕಾರಣ, ಅವು ಎರಡಾಗಿರಲೇ ಇಲ್ಲ ಎಂಬುದು. ಹೆಪ್ಪುಗಟ್ಟಿದ ಎರಡು ಶೀಶೆಗಳನ್ನು ಪಕ್ಕಪಕ್ಕ ಇಟ್ಟು, ನೋಡಿ ಎರಡೂ ಒಂದೇ ಎಂದು ನಾನು ನೂರ ನಲವತ್ತು ಪುಟ ಬರೆದಿದ್ದೆ. ಮೊದಮೊದಲು ನಾನೇ ಹಾಟ್ ಒತ್ತಿ ಪರೀಕ್ಷಿಸಿದ್ದು ನಿಜ, ಆದರೆ ಸ್ಥಿತ್ಯಂತರದಿಂದ ದೂರದ ಬೆಲೆಗಳಲ್ಲಿ. ಅಲ್ಲಿ ಹೇಗೂ ವ್ಯತ್ಯಾಸ ಕಾಣುವುದಿಲ್ಲ. ಆರಂಭ ಯಾವುದೆಂದು ಹೇಳಿಬಿಡುತ್ತಿದ್ದ ಮೊದಲ ಮುನ್ನೂರು ಸುತ್ತುಗಳನ್ನು ನಾನೇ ಮುದ್ರಿಸಿರಲಿಲ್ಲ.

ಮರುದಿನ ರಜೆ ಹಾಕಿ, ಹತ್ತಕ್ಕೆ ಕರೆಂಟ್ ಬಂದಾಗ ಸ್ಥಿತ್ಯಂತರದ ನಡುಮಧ್ಯದ ಬೆಲೆ ಕೊಟ್ಟು H ಒತ್ತಿ ಎದುರಿಗೇ ಕೂತೆ. ಯಂತ್ರ ಮುದ್ರಿಸುವ ಕೊಂಡಿಗಳ ಸರಾಸರಿ 0.41ರ ಸುತ್ತ ನಿಂತುಬಿಟ್ಟಿತು. ಹಳೆಯ ಹಾಳೆಯಲ್ಲಿ ಅದೇ ಬೆಲೆಗೆ 0.63. ಮೇಲೆ ಬಾ, ಮೇಲೆ ಬಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದಕ್ಕೆ ಕರೆಂಟ್ ಹೋಗುವವರೆಗೂ ಅದು ಕದಲಲಿಲ್ಲ. ಮತ್ತೆರಡು ದಿನವೂ ಅಷ್ಟೇ. ಜಿಗಿತ, ಅನುಮಾನವೇ ಇಲ್ಲ. ಆ ಮಧ್ಯಾಹ್ನ ಅತ್ತುಬಿಟ್ಟೆ. ಐದು ವರ್ಷದ ಕೆಲಸ ಹೋಯಿತು ಎಂಬುದಕ್ಕಿಂತ, ಹೋಯಿತು ಎಂದು ಹೇಳಿಕೊಳ್ಳಲು ಚಿಂತಾಮಣಿಯಲ್ಲಿ ಒಬ್ಬರೂ ಇಲ್ಲವಲ್ಲ ಎಂದು.

ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಗುರುಗಳನ್ನು ಕಂಡೆ. ಅವರು ಮಾರ್ಚ್‌ನಲ್ಲಿ ನಿವೃತ್ತರಾಗಿದ್ದರು, ನಾನೇ ಅವರ ಕೊನೆಯ ವಿದ್ಯಾರ್ಥಿನಿ. ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ವೈವಾ ಮುಗೀಲಮ್ಮ. ಪರೀಕ್ಷಕರು ಒಪ್ಪಿದಾರೆ. ಆಮೇಲೆ ಒಂದು ಪೇಪರ್ ಬರೆದು ತಿದ್ಕೊಂಡ್ರಾಯ್ತು," ಎಂದರು. ಅವರು ಕೆಟ್ಟವರಲ್ಲ. ದಣಿದಿದ್ದರು, ನನಗೆ ಒಳ್ಳೆಯದಾಗಲಿ ಎಂದೇ ಹೇಳಿದರು. ನಾನು ಒಪ್ಪಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ, ಏಕೆಂದರೆ ಆ ಪುಟ್ಟ ಸಿದ್ಧಾಂತದ ಗೊಡವೆ ಇನ್ನಾರಿಗೂ ಇರಲಿಲ್ಲ.

"ಸರ್, ಪ್ರಬಂಧದ ಶೀರ್ಷಿಕೆಯಲ್ಲೇ ನಿರಂತರ ಅಂತ ಇದೆ," ಎಂದೆ.

ಪ್ರಬಂಧವನ್ನು ಹಿಂತೆಗೆದುಕೊಳ್ಳುವ ನನ್ನ ಪತ್ರಕ್ಕೆ ಅವರು ತಲೆಯೆತ್ತದೆ ಸಹಿ ಹಾಕಿದರು. ಬಾಗಿಲವರೆಗೂ ಬಂದು ಕಳಿಸುವುದು ಅವರ ರೂಢಿ, ಅಂದು ಎದ್ದು ಬರಲಿಲ್ಲ. ಕೈಗೆ ಬಂದ ತುತ್ತನ್ನು ನಾನೇ ತಟ್ಟೆಗೆ ಹಾಕಿ ಎದ್ದು ಬಂದ ಹಾಗಾಯಿತು. ಹುದ್ದೆಯ ಅರ್ಜಿಯ ಗಡುವು ಜೂನ್‌ನಲ್ಲಿ ದಾಟಿತು.

ವೈವಾ ಯಾಕೆ ನಿಂತಿತು ಎಂದು ಪ್ರಿನ್ಸಿಪಾಲರು ಕೇಳಿದಾಗ ನನ್ನ ಲೆಕ್ಕದ ತಪ್ಪು ಎಂದಷ್ಟೇ ಹೇಳಿದೆ. ನಾರಾಯಣಪ್ಪನವರಿಗೆ ಇನ್ನೊಂದು ಮೆಮೊ ಆಗುವುದು ನನಗೆ ಬೇಕಿರಲಿಲ್ಲ. ಆದರೆ ಪ್ರಯೋಗಾಲಯದಲ್ಲಿ ನಡೆದದ್ದನ್ನು ಅವರೂ ಮರೆತಿರಲಿಲ್ಲ. ಒಂದು ದಿನ ಬಾಗಿಲಲ್ಲಿ ನಿಂತು, ಇದೆಲ್ಲ ತನ್ನಿಂದಲೇ ಆಯಿತೇ ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದವಳು ಸುಳ್ಳು ಹೇಳಲಾಗದೆ, ಒಳಗೆ ಕರೆದು ಕೂರಿಸಿದೆ. ಕೊಬ್ಬರಿ ಎಣ್ಣೆಯಿಂದ ಶುರು ಮಾಡಿ ಬಲೆ, ಬಿಂದು, ಕೊಂಡಿ, ಬಿಸಿ, ತಣ್ಣಗೆ, ಎಲ್ಲವನ್ನೂ ಹೇಳಿದೆ. ಹಾಟ್ ಎಂದರೆ ಯಂತ್ರದ ಬಿಸಿಯಲ್ಲ, ಒಳಗಿನ ಲೆಕ್ಕದ ಬಿಸಿ ಎಂದೆ. ಒಂದೂವರೆ ಗಂಟೆ ಮಾತಾಡಿದೆ. ಅವರು ಎದ್ದು ಹೋಗಿ ಕಂಪ್ಯೂಟರಿನ ಮೇಲಿನ ಪಂಚೆ ತೆಗೆದು ಮಡಿಸಿಟ್ಟರು.

106 ಹಾಟ್ ಲೆಕ್ಕಗಳನ್ನು ಮೊದಲಿನಿಂದ ಮಾಡಲು ಹದಿಮೂರು ತಿಂಗಳು ಹಿಡಿಯಿತು. ಈಗ ಚೀಟಿಯ ಜೊತೆಗೆ ಅಂದಿನ ನಿರೀಕ್ಷೆಯನ್ನೂ ಬಾಯಲ್ಲಿ ಹೇಳಿ ಹೋಗುತ್ತಿದ್ದೆ. ತರಗತಿ ಮುಗಿಸಿ ಬಂದರೆ ನಾರಾಯಣಪ್ಪ ವರದಿ ಒಪ್ಪಿಸುತ್ತಿದ್ದರು. ಇನ್ನೂ ಸೇರಿಲ್ಲ ಮೇಡಂ, ದೂರವೇ ಐತೆ ಎನ್ನುತ್ತಿದ್ದರು. ಹೊಸ ಪ್ರಬಂಧದ ತೀರ್ಮಾನ ಹಳೆಯದಕ್ಕೆ ತಿರುಗಾಮುರುಗಾ. ಈ ಸಿದ್ಧಾಂತದ ಸ್ಥಿತ್ಯಂತರ ಜಿಗಿತ, ಇದರ ಬಲೆಯಾಚೆ ನಿರಂತರ ಜಗತ್ತಿಲ್ಲ. 1992ರಲ್ಲಿ ಪದವಿ ಬಂತು. ಬೆಂಗಳೂರಿನ ಹುದ್ದೆ ಮತ್ತೆ ಬರಲಿಲ್ಲ. ನಾನು ಚಿಂತಾಮಣಿಯಲ್ಲೂ ಆಮೇಲೆ ಚಿಕ್ಕಬಳ್ಳಾಪುರದಲ್ಲೂ ಪಾಠ ಮಾಡಿ ನಿವೃತ್ತಳಾದೆ.

ಎರಡು ಉತ್ತರಗಳು ತೀರಾ ಚೆನ್ನಾಗಿ ಹೊಂದಿದರೆ, ಅವು ನಿಜಕ್ಕೂ ಬೇರೆಬೇರೆ ದಾರಿಯಿಂದ ಬಂದವೇ ಎಂದು ಮೊದಲು ಕೇಳಬೇಕು. ವಿದ್ಯಾರ್ಥಿಗಳಿಗೆ ಈ ಪಾಠವನ್ನು ಪ್ರತಿ ವರ್ಷ ಹೇಳುತ್ತಿದ್ದೆ. ಇನ್ನೊಂದನ್ನು ಹೇಳಿರಲಿಲ್ಲ, ಇಲ್ಲಿ ಹೇಳುತ್ತೇನೆ. 106ನೆಯ ಲೆಕ್ಕ ಮುಗಿದ ದಿನ, ಮುದ್ರಣದ ಹಾಳೆ ಹರಿದು ನನ್ನ ಕೈಗೆ ಕೊಡುತ್ತಾ ನಾರಾಯಣಪ್ಪ ಅಂದಿದ್ದರು:

"ದಿನಾ ಒತ್ತುವಾಗ ಒಳಗೆ ಏನಾಗ್ತಿದೆ ಅಂತ ಕೇಳೋಣ ಅನ್ಸೋದು ಮೇಡಂ. ನಿಮಗೆ ಮಾತಾಡೋದು ಇಷ್ಟ ಇಲ್ಲ ಅಂದ್ಕೊಂಡು ಸುಮ್ನಾಗ್ತಿದ್ದೆ."

ಮಾತಿಗೆ ಯಾರೂ ಇಲ್ಲ ಎಂದು ನಾನು ಕೊರಗಿದ ಆ ವರ್ಷಗಳಲ್ಲಿ, ಪ್ರತಿ ದಿನ ಬೆಳಿಗ್ಗೆ ಒಬ್ಬರು ನನ್ನೆದುರು ಬಂದು ನಿಲ್ಲುತ್ತಿದ್ದರು. ನಾನು ಅವರಿಗೆ ಕೊಟ್ಟದ್ದು ಒಂದು ಅಕ್ಷರ.