ಶಾಲು ಬೇಡವೆಂದ ವಿಜಯಮ್ಮ

ಹಿರೀಸಾವೆಯ ಹೆದ್ದಾರಿ ಬದಿಯಲ್ಲಿ ವಿಜಯಮ್ಮನ ಇಡ್ಲಿ ಹೋಟೆಲಿದೆ. ಗಂಡ ಶಿವಯ್ಯ ಸೇನೆಯಲ್ಲಿ ಲಾರಿ ಓಡಿಸುತ್ತಿದ್ದ. ಗಡಿಯ ಬೆಟ್ಟದ ರಸ್ತೆಯಲ್ಲಿ ಹಿಮ ಕುಸಿದು ತೀರಿಕೊಂಡ. ಆಮೇಲಿಂದ ಸೈನಿಕರ ಧ್ವಜ ದಿನ ಬಂತೆಂದರೆ ಯಾವುದಾದರೊಂದು ಸಂಘದವರು ಬಂದು ಆಕೆಯನ್ನು ವೇದಿಕೆಗೆ ಕರೆದೊಯ್ಯುತ್ತಿದ್ದರು. ಶಾಲು, ಹಣ್ಣಿನ ಬುಟ್ಟಿ, ಗಾಜಿನ ಚೌಕಟ್ಟಿನ ಸನ್ಮಾನಪತ್ರ. ಒಲೆ ಆರಿಸಿ, ಗಿರಾಕಿಗಳನ್ನು ವಾಪಸು ಕಳಿಸಿ ಹೋಗುತ್ತಿದ್ದಳು. ಪ್ರೀತಿಯಿಂದ ಕರೆಯುವವರಿಗೆ ಬರುವುದಿಲ್ಲ ಅನ್ನುವುದು ಹೇಗೆ?

ಮೈಕು ಹಿಡಿದವರು ಶಿವಯ್ಯನ ಸಾವಿಗೆ ವರ್ಷವರ್ಷವೂ ಒಂದಿಷ್ಟು ಸೇರಿಸುತ್ತಿದ್ದರು. ಮೊದಮೊದಲು ಬರೀ ಹಿಮವಿತ್ತು. ಆಮೇಲೆ ಗುಂಡಿನ ಸದ್ದು ಬಂತು. ಕೊನೆಗೆ ಆತ ಶತ್ರುಗಳನ್ನು ಅಟ್ಟಿಸಿಕೊಂಡು ಹೋದವನೇ ಆದ. ವಿಜಯಮ್ಮ ತಿದ್ದಲು ಹೋಗಲಿಲ್ಲ. ಕುರ್ಚಿಯಲ್ಲಿ ಕೂತು, ನೆನೆಹಾಕದೆ ಬಂದ ಉದ್ದಿನಬೇಳೆಯ ಯೋಚನೆ ಮಾಡುತ್ತಿದ್ದಳು.

ಹೋದ ವರ್ಷ ಚನ್ನರಾಯಪಟ್ಟಣದ ಸಭೆಯಲ್ಲಿ ಪಕ್ಕದ ಕುರ್ಚಿಗೆ ನುಗ್ಗೇಹಳ್ಳಿಯ ವರ್ಷಾಳನ್ನು ತಂದು ಕೂರಿಸಿದರು. ಗಂಡ ಗಡಿಯಲ್ಲಿ ತೀರಿಕೊಂಡು ಇನ್ನೂ ಮೂರು ತಿಂಗಳಾಗಿರಲಿಲ್ಲ. ಮಡಿಲಲ್ಲಿ ಕೂಸು. ನಿರೂಪಕ ಮೈಕನ್ನು ಅವಳ ಬಾಯಿಗೇ ಹಿಡಿದು, "ಆ ಸುದ್ದಿ ಬಂದಾಗ ನಿಮಗೆ ಏನನ್ನಿಸ್ತು, ಹೇಳಿ ತಾಯಿ" ಎಂದ. ಹುಡುಗಿ ಕೂಸನ್ನು ಎದೆಗೆ ಒತ್ತಿಕೊಂಡು ಮುಖ ತಿರುಗಿಸಿದಳು.

ವಿಜಯಮ್ಮ ಎದ್ದು ಮೈಕನ್ನು ಪಕ್ಕಕ್ಕೆ ಸರಿಸಿದಳು. "ಅವಳು ಮಾತಾಡಾಕಿಲ್ಲ ಕಣಪ್ಪ. ಕೂಸಿಗೆ ಹಾಲು ಕುಡುಸ್ಬೇಕು, ಬುಡು."

ವೇದಿಕೆಯ ಹಿಂದೆ ಇಬ್ಬರೂ ಕೂತಿದ್ದಾಗ ಸಂಘದ ಮನೋಹರ ಓಡಿ ಬಂದ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು, ಕೆಟ್ಟವನಲ್ಲ.

"ಅಮ್ಮಾ, ಶಾಲು ಹೊದ್ಸೋದು ಬಾಕಿ ಐತೆ. ದಾನ ಕೊಟ್ಟೋರು ಕಾಯ್ತಾವ್ರೆ."

"ಶಾಲು ಬ್ಯಾಡ. ಮನೇಲಿ ಪೆಟ್ಟಿಗೆ ತುಂಬೋಗೈತೆ. ಕೊಡಂಗಿದ್ರೆ ಏನು ಬೇಕು ಅಂತ ಈ ಹುಡ್ಗೀನ ಕೇಳ್ಬುಟ್ಟು ಕೊಡಿ."

ಮನೋಹರ ಕೇಳಿದ. ವರ್ಷಾ ತಲೆ ಎತ್ತದೆ ಹೇಳಿದಳು: ಅತ್ತೆಗೆ ಕಿಡ್ನಿ ಕೆಟ್ಟಿದೆ. ಡಯಾಲಿಸಿಸ್‌ಗೆ ಹಾಸನಕ್ಕೆ ವಾರಕ್ಕೆರಡು ಸಲ, ಕೂಸನ್ನೂ ಎತ್ತಿಕೊಂಡು ಬಸ್ಸು ಬದಲಿಸಿ ಹೋಗಬೇಕು.

ಸಂಘದವರು ಕಾರು ಗೊತ್ತುಮಾಡಿದರು. ಒಂದೆರಡು ತಿಂಗಳು ಬಂತು, ಆಮೇಲೆ ನಿಂತಿತು. ಕಾರ್ಯಕ್ರಮವೇ ಇಲ್ಲದ ಕೆಲಸಕ್ಕೆ ದಾನಿಗಳು ಮುಂದೆ ಬರುತ್ತಿಲ್ಲ ಎಂದರು. ಮನೋಹರನಿಗೆ ನಾಚಿಕೆಯಾಯಿತೋ ಏನೋ, ಮಂಗಳವಾರದ ದಿನ ಅಂಗಡಿಯ ವ್ಯಾನನ್ನು ತಾನೇ ಓಡಿಸಿಕೊಂಡು ಬರತೊಡಗಿದ. ಶುಕ್ರವಾರ ಮಾತ್ರ ಯಾರೂ ಇರಲಿಲ್ಲ. ಆ ದಿನವನ್ನು ವಿಜಯಮ್ಮ ತಾನು ವಹಿಸಿಕೊಂಡಳು. ಬೆಳಗಿನ ಇಡ್ಲಿ ಮುಗಿಸಿ, ಬಾಗಿಲು ಎಳೆದು, ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಸೊಸೆಯರನ್ನು ಕೂಡಿಕೊಂಡು ಹಾಸನದ ಬಸ್ಸು ಹತ್ತುತ್ತಾಳೆ. ಶುಕ್ರವಾರದ ವ್ಯಾಪಾರ ಹೋಯಿತು. ಮಂಡಿ ನೋವು ಹೆಚ್ಚಿತು.

ಈ ಧ್ವಜ ದಿನಕ್ಕೆ ಕರೆಯಲು ಬಂದವರಿಗೆ ಆಕೆ ಬರುವುದಿಲ್ಲ ಎಂದಳು. ಅವರು ಬೇರೆ ಯಾರನ್ನೋ ಹುಡುಕಿಕೊಂಡರು.

ಮೊನ್ನೆ ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದಾಗ ವರ್ಷಾಳ ಅತ್ತೆ ನೀಲಗಂಗಮ್ಮ ಕೇಳಿದಳು: "ನಿಂಗ್ಯಾಕವ್ವ ಈ ಪಾಡು? ನಾವೇನು ನೆಂಟ್ರಾ, ಇಷ್ಟ್ರಾ?"

"ನಂಗೂ ಸಾಕಾಗೈತೆ ಕಣಕ್ಕಾ, ಸುಳ್ಳ್ಯಾಕೆ ಹೇಳ್ಲಿ," ಎಂದಳು ವಿಜಯಮ್ಮ. "ಆದ್ರೆ ಇಲ್ಲಿ ಸುಮ್ಕೆ ಕುಂತಿರ್ಬೌದು. ಯಾರೂ ಮಾತಾಡು ಅನ್ನಾಕಿಲ್ಲ."

ವಿಜಯಮ್ಮನ ಮಡಿಲಲ್ಲಿದ್ದ ಕೂಸು ಸೀರೆ ಒದ್ದೆ ಮಾಡಿತು. ಅವಳು ಮಂಡಿ ಹಿಡಿದುಕೊಂಡು ನಿಧಾನಕ್ಕೆ ಎದ್ದು ನಲ್ಲಿಯ ಕಡೆ ನಡೆದಳು.