ಬಲಬಾಗಿಲಿನಿಂದ ಬಂದ ಉತ್ತರ

“ನಿಲ್ಲಿಸು, ಕಾರಿನಲ್ಲಿ ಯಾರೋ ಇದ್ದಾರೆ!” ಎಂದು ಅಮ್ಮ ಕೂಗಿದಾಗ ನಾವು ಕಟಪಾಡಿಯ ಕಾರ್ ಸ್ಟೀರಿಯೊ ಅಂಗಡಿಯಿಂದ ಉಡುಪಿಗೆ ಹೊರಟು ಎರಡು ನಿಮಿಷವೂ ಆಗಿರಲಿಲ್ಲ. ಸೆಕೆಂಡ್‌ಹ್ಯಾಂಡ್ ಕಾರಿನ ಹಳೆಯ ಸ್ಪೀಕರ್ ಕರಕರ ಎನ್ನುತ್ತಿದ್ದುದರಿಂದ ಎರಡೂ ಬಾಗಿಲಿಗೆ ಹೊಸತು ಹಾಕಿಸಿದ್ದೆವು.

ಕಾರು ಹೊರಟರೆ ಕೊಂಕಣಿ ಜಪಮಾಲೆ ಪ್ರಾರ್ಥನೆಯ ರೆಕಾರ್ಡು ಹಾಕುವುದು ನಮ್ಮ ಮನೆಯ ರೂಢಿ. ರೆಕಾರ್ಡಿನ ಗಂಡು ದನಿ ಪ್ರಾರ್ಥನೆಯ ಅರ್ಧ ಹೇಳಿ ಸುಮ್ಮನಾಗುತ್ತಿತ್ತು, ಉಳಿದರ್ಧ ಅಮ್ಮನದು. ಕೇಳುವವರಿಗಾಗಿಯೇ ಜಾಗ ಬಿಟ್ಟಿದ್ದಾರೆಂದು ಕಾರು ಕೊಂಡಂದಿನಿಂದ ಒಂಬತ್ತು ವರ್ಷ ನಂಬಿದ್ದೆವು. ಅಂದು ಆ ಜಾಗದಲ್ಲಿ ಬಲಬಾಗಿಲಿನಿಂದ ಹೆಂಗಸರ ಗುಂಪೊಂದು ಉತ್ತರ ಹೇಳಿತು. ರೆಕಾರ್ಡಿನಲ್ಲಿ ಗಂಡು ದನಿ ಎಡ ಸ್ಪೀಕರಿಗೆ, ಹೆಂಗಸರ ಉತ್ತರ ಬಲ ಸ್ಪೀಕರಿಗೆ ಹಂಚಿತ್ತೆಂದೂ, ಕೊಂಡ ದಿನದಿಂದಲೂ ಬಲಗಡೆಯದು ಕೆಟ್ಟೇ ಇತ್ತೆಂದೂ ಆಗ ತಿಳಿಯಿತು.

“ಎಲ್ಲ ಅವರೇ ಹೇಳಿದರೆ ನಾನು ಎಂತ ಮಾಡುವುದು?” ಅಮ್ಮನ ಮುಖ ಬಾಡಿತ್ತು. ಅಂಗಡಿಗೆ ಮರಳಿದೆವು.

“ಹೊಸ ಸ್ಪೀಕರ್ ಸರಿ ಉಂಟಲ್ಲ, ಬಾಯಮ್ಮ?” ಎಂದ ಮೆಕ್ಯಾನಿಕ್.

“ಸರಿ ಉಂಟು, ಅದೇ ತೊಂದರೆ. ಬಲಗಡೆಯ ವಯರ್ ತೆಗೆ ಮಾರಾಯ.”

ಈಗ ನಮ್ಮ ಬಲಬಾಗಿಲಿನಲ್ಲಿ ಹೊಚ್ಚಹೊಸ ಸ್ಪೀಕರ್ ಇದೆ, ಸಂಪರ್ಕವಿಲ್ಲ. ನನ್ನ ಹಾಡುಗಳು ಎಡಕಿವಿಗೆ ಮಾತ್ರ ಕೇಳಿಸುತ್ತವೆ. ಅಮ್ಮ ಮಾತ್ರ ಅಂದು ಉಡುಪಿ ತಲುಪುವವರೆಗೆ ತಮ್ಮ ಅರ್ಧವನ್ನು ಒಮ್ಮೆಯೂ ತಪ್ಪಿಸಲಿಲ್ಲ.