ಹಳೇ ಮಿಷನ್ನಿನ ಪಾಠ

ನಮ್ಮ ಟೈಪಿಂಗ್ ಮೇಷ್ಟ್ರ ಬೆರಳತುದಿಗಳು ಕೀಲಿ ಒತ್ತಿ ಒತ್ತಿ ಚಪ್ಪಟೆಯಾಗಿದ್ದವು. ಮಾತನಾಡುವಾಗಲೂ ಅವು ತೊಡೆಯ ಮೇಲೆ ಏನನ್ನೋ ಟೈಪ್ ಮಾಡುತ್ತಲೇ ಇರುತ್ತಿದ್ದವು. ಎಂಬತ್ತರ ದಶಕದ ಮಧುಗಿರಿಯಲ್ಲಿ ಅವರದೊಂದು ಸಣ್ಣ ಟೈಪಿಂಗ್ ಶಾಲೆ. ಕನ್ನಡ ಟೈಪಿಂಗಿಗೆ ಅವರೇ ಪಾಠದ ಪುಸ್ತಕ ಬರೆದು, ಸ್ಟೆನ್ಸಿಲ್ ಕೊರೆದು ಪ್ರತಿ ತೆಗೆದು, ಕೇಳಿದವರಿಗೆಲ್ಲ ಹಂಚುತ್ತಿದ್ದರು. "ಯಾರು ಬೇಕಾದರೂ ನಕಲು ಮಾಡಿಕೊಳ್ಳಿ, ತಪ್ಪು ಕಂಡರೆ ಒಂದು ಕಾರ್ಡು ಹಾಕಿ" ಎಂದು ಕೊನೆಯ ಪುಟದಲ್ಲಿ ಇರುತ್ತಿತ್ತು. ಸಿರಾ, ಕೊರಟಗೆರೆಯಿಂದ ಕಾರ್ಡು ಬರುತ್ತಿದ್ದವು. ಮುಂದಿನ ವರ್ಷದ ಪ್ರತಿಯಲ್ಲಿ ಆ ತಪ್ಪು ತಿದ್ದಿರುತ್ತಿತ್ತು.

ಆಗ ಅಕ್ಷರಗಳ ಜಾಗ ಬದಲಾದ ಹೊಸ ಮಿಷನ್ನುಗಳು ಬಂದವು. ಪುಸ್ತಕದಲ್ಲಿ ಎರಡಕ್ಕೂ ಪಾಠವಿತ್ತು. ಹಳೆಯದರಲ್ಲಿ ಕಲಿತಿದ್ದ ನನ್ನನ್ನು ಪರೀಕ್ಷೆಯಲ್ಲಿ ಹೊಸದರ ಮುಂದೆ ಕೂರಿಸಿದರು. ಬೆರಳು ಹಳೇ ಜಾಗಕ್ಕೇ ಓಡಿತು. ಫೇಲಾದೆ.

"ಹಳೇ ಪಾಠ ತೆಗೆದ್ಬುಡಿ ಸಾರ್, ಮುಂದಿನೋರ್ಗಾದ್ರೂ ಗೊಂದಲ ಆಗಲ್ಲ" ಎಂದು ಅತ್ತೆ. ಮೇಷ್ಟ್ರು ಒಪ್ಪಿದರು.

ಆ ಸುದ್ದಿ ಕೇಳಿ ಪಾವಗಡದಿಂದ ಒಬ್ಬಾಕೆ ಬಸ್ಸು ಹತ್ತಿ ಬಂದಳು. ತೀರಿಕೊಂಡ ಗಂಡನ ಹಳೇ ಮಿಷನ್ ಇಟ್ಟುಕೊಂಡು, ಈ ಪುಸ್ತಕ ನೋಡಿ, ತಿಳಿಯದ್ದನ್ನು ಮೇಷ್ಟ್ರಿಗೆ ಕಾರ್ಡು ಹಾಕಿ ಕೇಳಿ ಕಲಿಯುತ್ತಾ, ತಾಲ್ಲೂಕು ಕಚೇರಿ ಮುಂದೆ ಅರ್ಜಿ ಟೈಪ್ ಮಾಡುತ್ತಿದ್ದಳು.

"ಇನ್ನೂ ಅರ್ಧ ಪಾಠ ಉಳ್ದೈತೆ ಸಾರೂ. ನೀವೇ ಬುಟ್ರೆ ನಾನ್ ಯಾರ್ನ ಕೇಳ್ಲಿ?"

ಮೇಷ್ಟ್ರು ವಾರವಿಡೀ ತೊಳಲಾಡಿದರು. ಒಂದು ದಿನ ಹಳೇ ಪಾಠ ಇಟ್ಟು ಸ್ಟೆನ್ಸಿಲ್ ಕೊರೆದರು, ಮರುದಿನ ಹರಿದರು. ಎರಡಕ್ಕೂ ಬೇರೆ ಬೇರೆ ಪುಸ್ತಕ ಮಾಡಲು ಅವರ ಮಂಜಾದ ಕಣ್ಣು ಸಾಲದು. "ನೀನೇ ಹೇಳಮ್ಮ, ಇಟ್ಕಳ್ಳಾನೋ ಬುಡಾನೋ? ನಂಗಂತೂ ತೋಚ್ತಿಲ್ಲ ಕಣಮ್ಮ" ಎಂದು ನನ್ನನ್ನು ಕೇಳಿದರು. ನಾನು ಹೊಸ ಮಿಷನ್ನಿಗೆ ಹಾಳೆ ಸಿಕ್ಕಿಸಿ ಅಭ್ಯಾಸಕ್ಕೆ ಕೂತೆ.

ಕೊನೆಗೆ ಆಕೆಯನ್ನು ಕರೆಸಿ ಹಳೇ ಪಾಠದ ಮೂಲ ಹಾಳೆಗಳನ್ನೆಲ್ಲ ಕೈಗಿಟ್ಟರು. "ಇನ್ಮೇಲೆ ಇದು ನಿಂದು ಕಣಮ್ಮ. ಕಲ್ತ್ಕೋ, ತಪ್ಪಿದ್ರೆ ತಿದ್ದು, ಕೇಳ್ದೋರಿಗೆ ಕೊಡು."

"ನಂಕೈಲಾಗತ್ತಾ ಸಾರೂ?"

"ಗೊತ್ತಿಲ್ಲ" ಎಂದರು ಮೇಷ್ಟ್ರು.

ಹೊಸ ಪುಸ್ತಕದಿಂದ ಕಲಿತು ನಾನು ಪಾಸಾದೆ, ಕೊರಟಗೆರೆಯಲ್ಲಿ ಗುಮಾಸ್ತೆಯಾದೆ. ಎರಡು ವರ್ಷದ ಮೇಲೆ ಮೇಷ್ಟ್ರು ಹಾಸಿಗೆ ಹಿಡಿದರು. ನೋಡಲು ಹೋದಾಗ ಕೇಳಿದ್ದು ಒಂದೇ: "ಪಾವಗಡದ ಆವಮ್ಮನ್ನ ನಾನ್ ಕೈಬಿಟ್ಬುಟ್ನೇನಮ್ಮ?"

"ಇಲ್ಲ ಸಾರ್" ಎಂದೆ. ಆ ವಾರವೇ ಅವರು ತೀರಿಹೋದರು. ಆಕೆ ಏನಾದಳೆಂದು ನಾನು ಅಲ್ಲಿಯವರೆಗೆ ವಿಚಾರಿಸಿಯೇ ಇರಲಿಲ್ಲ. ಆ ಮಾತನ್ನು ಅವರ ಸಮಾಧಾನಕ್ಕೆ ಹೇಳಿದೆನೋ ನನ್ನ ಸಮಾಧಾನಕ್ಕೋ, ಇವತ್ತಿಗೂ ತಿಳಿಯದು.